ತದಡಿಯ ನಡುವಿನ ಅಕ್ಷರ

ಬಾರ್ಜಿನ ಟಿಕೆಟ್ ಪುಸ್ತಕದ ಬೆನ್ನಿಗೆ
ಪ್ರತಿ ಜನವರಿ ಒಂದಕ್ಕೆ ಬರೆಯುತ್ತಿದ್ದೆ:
ಕವಳ ಬಿಡುವುದು.
ಪೋಸ್ಟಾಫೀಸಿಗೆ ತಿಂಗಳಿಗೆ ಐನೂರು.
ಬೀರಣ್ಣನ ಹತ್ತಿರ ಮಾತು ಶುರು ಮಾಡುವುದು.
ಬೆಳಿಗ್ಗೆ ಓಟ (ಇದು ಒಂದೇ ವರ್ಷ).
ಸಂಕ್ರಾಂತಿಯ ಎಳ್ಳು ಹಲ್ಲಿನ ಸಂದಿಯಿಂದ ಹೋಗುವ ಮೊದಲೇ
ಪುಸ್ತಕ ಮುಗಿಯುತ್ತಿತ್ತು,
ಗುತ್ತಿಗೆದಾರ ಹೊಸದು ಕೊಡುತ್ತಿದ್ದ,
ಸುಧಾರಿಸಿದ ನಾನು ಗೋಣಿಚೀಲದಲ್ಲಿ ಕೂತು
ಲೆಕ್ಕ ತಪಾಸಣೆಗೆ ಕುಮಟೆಗೆ ಹೋಗುತ್ತಿದ್ದೆ.

ಈ ಸಲ ಮಗಳು ನಿರ್ಮಿತಾ ಅಂದಳು:
"ಪಟ್ಟಿ ಬೇಡ ಅಪ್ಪ. ಒಂದೇ ಶಬ್ದ ಇಟ್ಕೋ.
ವರ್ಷ ಪೂರ್ತಿ ಅದು ಹೇಳಿದ ಹಾಗೆ ಕೇಳು."

ಒಂದೇ ಅಂದರೆ ಕಷ್ಟ.
'ಶಾಂತಿ' ಗುತ್ತಿಗೆದಾರನ ಹೆಂಡತಿಯ ಹೆಸರು.
'ಧೈರ್ಯ' ಎಂದರೆ ಇನ್ಶೂರೆನ್ಸ್ ಏಜೆಂಟ್ ನೆನಪಾಗುತ್ತಾನೆ.
'ಸಾಕು' ಚೆಂದ ಅನಿಸಿತು,
ಎರಡು ದಿನ ಬಾಯಲ್ಲಿ ಇಟ್ಟುಕೊಂಡೆ.
ಮೂರನೇ ದಿನ ಹೆಂಡತಿ ಕೇಳಿದಳು:
"ಏನು ಸಾಕೋದು? ಇರೋ ಎರಡು ಬೆಕ್ಕು ಸಾಲದಾ?"

ಡಿಸೆಂಬರ್ ಮೂವತ್ತೊಂದು, ಇಳಿತದ ಹೊತ್ತು.
ಗೋಕರ್ಣದಿಂದ ಬಂದ ಬಾಡಿಗೆ ಬೈಕು ಹನ್ನೊಂದು,
ಒಂದು ಆಡು, ಎರಡು ಗ್ಯಾಸ್ ಸಿಲಿಂಡರ್,
ಕೇಕಿನ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡ ಮೇಷ್ಟ್ರು.
ಹಮ್ಮಣ್ಣ ಎಂಜಿನ್ ಎಬ್ಬಿಸಿದ್ದ.
ಹಗ್ಗ ಬಿಚ್ಚಿ ನನ್ನ ಕೈಗೆ ಬಂದಿತ್ತು.
ಆಗ, ಮೊಣಕಾಲಿನವರೆಗೆ ಕಪ್ಪು ಕೆಸರು,
ತಲೆಯ ಮೇಲೆ ಸೋರುವ ಬಳಚಿನ ಚೀಲ,
ಬುದವಂತಿ ಓಡೋಡಿ ಬರುತ್ತ ಕೂಗಿದಳು:
ತಡಿ!

ಇಪ್ಪತ್ತೆರಡು ವರ್ಷ ಕೇಳಿದ ಕೂಗು.
ತಡಿ ಮಾರಾಯಾ, ತಡಿಯೋ, ತಡೀ ತಡೀ...
ಕೂಗಾಗಿ ಕೇಳಿದ್ದೆ, ಶಬ್ದವಾಗಿ ಕೇಳಿರಲಿಲ್ಲ.
ಹಗ್ಗ ಮತ್ತೆ ಗೂಟಕ್ಕೆ ಸುತ್ತಿದೆ.
ಅವಳು ಹತ್ತಿ, ಚೀಲ ಇಳಿಸಿ,
ಒದ್ದೆ ನಾಣ್ಯ ಕೊಟ್ಟು, ಬೈದಳು.

ಹೊಳೆಯ ನಡುವೆ ಹೊಳೆಯಿತು:
ದಿನಕ್ಕೆ ಹನ್ನೆರಡು ಸಲ ನಾನು ಬಿಟ್ಟು ಬರುವ ಊರು
ತದಡಿ.
ನಡುವೆ ಕೂತ 'ದ'ವನ್ನು
ಕೊಂಚ ಬದಿಗೆ ಸರಿ ಎಂದರೆ, ತಡಿ.
ನಿಲ್ಲು ಎಂಬುದೂ ಅದೇ, ದಂಡೆ ಎಂಬುದೂ ಅದೇ.
ಈ ಭಾಷೆ ಕಟ್ಟಿದವರಲ್ಲಿ ಯಾರೋ ಒಬ್ಬ
ದೋಣಿ ತಪ್ಪಿಸಿಕೊಂಡವನೇ ಇರಬೇಕು.

ಜನವರಿಯಲ್ಲಿ ಕೆಲಸ ಮಾಡಿತು.
ಕವಳದ ಡಬ್ಬಿಗೆ ಹೋದ ಕೈಗೆ, ತಡಿ.
(ನಿಂತಿತು. ಆಮೇಲೆ ಹೊಗೆಸೊಪ್ಪು ಬಿಟ್ಟು ಉಳಿದದ್ದೆಲ್ಲ.)
ಚಿಲ್ಲರೆಗಾಗಿ ಜಗಳಕ್ಕೆ ಬಂದ ಹುಡುಗನ ಮುಂದೆ
ನನ್ನ ನಾಲಿಗೆಗೆ, ತಡಿ.
ಬೀರಣ್ಣನ ನಂಬರ್ ಒತ್ತಿ
ರಿಂಗಾಗುವ ಮೊದಲೇ ಕತ್ತರಿಸುವ ಹೆಬ್ಬೆರಳಿಗೆ
ಹೇಳಿದೆ, ತಡಿ.
ಮೂರು ರಿಂಗಾಯಿತು. ಎತ್ತಲಿಲ್ಲ ಅವನು.
ಆರು ವರ್ಷದಲ್ಲಿ ಮೂರು ರಿಂಗು.

ಫೆಬ್ರುವರಿಯ ಒಂದು ಸಂಜೆ, ಕೊನೆಯ ಟ್ರಿಪ್ಪು.
ಹಮ್ಮಣ್ಣನಿಗೆ ಜ್ವರ,
ಬದಲಿ ಬಂದವನಿಗೆ ಅವಸರ, ನನಗೆ ಹಸಿವು.
ಹಗ್ಗ ಬಿಟ್ಟೆ.
ಕೂಗು ಬಂತು.
ಎಂಜಿನ್ನಿನ ಸದ್ದಿನ ಮೇಲೆ ಹಾಕಬಹುದಿತ್ತು,
ಆದರೆ ಕೇಳಿಸಿತು.
ತಿರುಗಿ ನೋಡಿದರೆ ಬುದವಂತಿ
ಕೈ ಬೀಸುವುದು ನಿಲ್ಲಿಸಿ, ಚೀಲ ಕೆಳಗಿಟ್ಟು,
ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.
ನಡುವೆ ಮೊಣಕಾಲುದ್ದ ನೀರು,
ಆಮೇಲೆ ಆಳುದ್ದ, ಆಮೇಲೆ ಹೊಳೆ.
ರಸ್ತೆಯಾದರೆ ಅವಳು ಕುಮಟೆ ಸುತ್ತಿ ಬರಬೇಕು.

ಮನೆಯಲ್ಲಿ ಮಗಳು ಕೇಳಿದಳು, "ಶಬ್ದ ಇದೆಯಾ ಇನ್ನೂ?"
ಇದೆ ಅಂದೆ.
ಎಲ್ಲಿದೆ ಎಂದು ಹೇಳಲಿಲ್ಲ:
ಅದರ ಒಂದು ಅರ್ಥ ನನ್ನ ಕೈಯಿಂದ ಜಾರಿತ್ತು,
ಇನ್ನೊಂದರ ಮೇಲೆ ಅವಳು ನಿಂತಿದ್ದಳು.

ಅನ್ನ ಕಲಸಿದೆ. ಹಸಿವು ಇರಲಿಲ್ಲ.
ನಾಳೆ ಮೊದಲ ಟ್ರಿಪ್ಪು ಏಳಕ್ಕೆ.
ಆರೂಮುಕ್ಕಾಲಿಗೇ ಹೋಗಬೇಕು.